ಟಿರೆಲ್ ಪಿ34: ಹತ್ತು ಇಂಚಿನ ಟೈರು ಕೈಕೊಟ್ಟ ಪ್ರಕರಣ

ಹಳೆಯ ಫಾರ್ಮುಲಾ ಒನ್ ಬಗ್ಗೆ ಮಾತು ಬಂದಾಗಲೆಲ್ಲ ಆರು ಚಕ್ರದ ಟಿರೆಲ್ ಬಂದೇ ಬರುತ್ತದೆ. ಅದರ ಬೆನ್ನಿಗೇ, ಆಗ ಯಾರು ಏನು ಬೇಕಾದರೂ ಕಟ್ಟಬಹುದಿತ್ತು, ಆಮೇಲೆ ನಿಯಮ ಬಂದು ಎಲ್ಲವನ್ನೂ ಕೊಂದುಹಾಕಿತು ಎಂಬ ಕೊರಗೂ ಬರುತ್ತದೆ. ಕೊರಗಿನ ಮೊದಲರ್ಧಕ್ಕೆ ಆಧಾರವಿದೆ. ಎರಡನೆಯರ್ಧ ಈ ಕಾರಿನ ಮಟ್ಟಿಗೆ ಸುಳ್ಳು. ಮುಂದೆ ನಾಲ್ಕು ಚಿಕ್ಕ ಚಕ್ರ, ಹಿಂದೆ ಎರಡು ದೊಡ್ಡ ಚಕ್ರ ಇದ್ದ ಈ ಪಿ34 ಕೊನೆಯ ಸಲ ಗ್ರಾಂಪ್ರಿಯಲ್ಲಿ ಓಡಿದ್ದು 1977ರ ಅಕ್ಟೋಬರಿನಲ್ಲಿ, ಜಪಾನಿನ ಫುಜಿಯಲ್ಲಿ. ಕಾರಿಗೆ ನಾಲ್ಕೇ ಚಕ್ರ ಇರಬೇಕೆಂಬ ನಿಯಮ ಜಾರಿಯಾದದ್ದು 1983ಕ್ಕೆ. ನಡುವೆ ಐದು ಪೂರ್ತಿ ಹಂಗಾಮು ಆರು ಚಕ್ರದ ಕಾರಿಗೆ ಬಾಗಿಲು ತೆರೆದೇ ಇತ್ತು. ಆದರೂ ಟಿರೆಲ್ ತಂಡವೇ ಆ ಕಾರನ್ನು ಬದಿಗಿಟ್ಟಿತು. ಏಕೆ ಬದಿಗಿಟ್ಟಿತು ಎಂದು ಬಿಡಿಭಾಗ ಬಿಡಿಭಾಗವಾಗಿ ನೋಡಿದರೆ, ಅಂದಿನ ವೈವಿಧ್ಯ ಯಾವುದರ ಮೇಲೆ ನಿಂತಿತ್ತು ಎಂಬುದೂ ಗೊತ್ತಾಗುತ್ತದೆ.

ಎಲ್ಲರ ಬೆನ್ನ ಹಿಂದೆ ಅದೇ ಎಂಜಿನ್

1975ರ ಗ್ರಿಡ್ಡಿನಲ್ಲಿ, ಅಂದರೆ ಓಟ ಹೊರಡುವ ಸಾಲಿನಲ್ಲಿ, ನಿಂತ ಬಹುಪಾಲು ಕಾರುಗಳ ಮೈ ತೆಗೆದು ನೋಡಿದ್ದರೆ ಒಳಗೆ ಕಾಣುತ್ತಿದ್ದುದು ಒಂದೇ ಸರಕು: ಕಾಸ್‌ವರ್ತ್ ಡಿಎಫ್‌ವಿ, 2993 ಸಿಸಿಯ ವಿ8 ಎಂಜಿನ್, ಅದರ ಹಿಂದೆ ಹ್ಯೂಲ್ಯಾಂಡ್ ಗೇರ್‌ಬಾಕ್ಸ್. ಫೆರಾರಿಯ ಫ್ಲಾಟ್-12 ಹಾಗೂ ಇನ್ನೆರಡು ಮೂರು ಅಪವಾದ ಬಿಟ್ಟರೆ ದುಡ್ಡಿದ್ದ ಯಾರೂ ಈ ಎಂಜಿನ್ ಕೊಂಡು ತರಬಹುದಿತ್ತು. ಇಂಗ್ಲೆಂಡಿನ ಸರ್ರೆ ಪ್ರಾಂತದ ಓಕಮ್‌ನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಕೆನ್ ಟಿರೆಲ್, ತನ್ನ ಮರದ ಅಡ್ಡೆಯ ಶೆಡ್ಡುಗಳಲ್ಲೇ ಕಾರು ಕಟ್ಟಿಸಿ, 1971 ಮತ್ತು 1973ರಲ್ಲಿ ಜಾಕಿ ಸ್ಟೂವರ್ಟ್‌ನನ್ನು ವಿಶ್ವ ಚಾಂಪಿಯನ್ ಮಾಡಿದ್ದು ಈ ಎಂಜಿನ್ನಿಂದಲೇ. ಟೈರೂ ಹೆಚ್ಚುಕಡಿಮೆ ಎಲ್ಲರಿಗೂ ಗುಡ್‌ಇಯರ್‌ನದೇ.

ಎಂಜಿನ್, ಗೇರ್‌ಬಾಕ್ಸ್, ಟೈರು ಮೂರೂ ಎದುರಾಳಿಯ ಹತ್ತಿರವೂ ಅವೇ ಇರುವಾಗ ಮುಂದೆ ಹೋಗುವುದು ಹೇಗೆ? ಉಳಿದದ್ದು ಕಾರಿನ ಆಕಾರ, ತೂಕ ಮತ್ತು ಗಾಳಿ. ಅಂದಿನ ವಿನ್ಯಾಸಕಾರರ ಕಲ್ಪನೆಯೆಲ್ಲ ಅಲ್ಲಿಗೇ ಹರಿಯಿತು. ಹಳೆಯ ಕಾಲವನ್ನು ಹಂಬಲಿಸುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ: ಕಣ್ಣಿಗೆ ಕಾಣುತ್ತಿದ್ದ ಆ ವೈವಿಧ್ಯದ ಬುಡದಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸರಕು ಇತ್ತು. ಎಂಜಿನ್ನನ್ನೂ ತಾನೇ ಮಾಡಬೇಕಾಗಿದ್ದರೆ ಟಿರೆಲ್‌ನಂಥ ಸಣ್ಣ ತಂಡ ಆರನೆಯ ಚಕ್ರದ ಯೋಚನೆಗೂ ಇಳಿಯುತ್ತಿರಲಿಲ್ಲ.

ಗಾರ್ಡ್ನರ್ ಹಾಕಿದ ಲೆಕ್ಕ

ವಿನ್ಯಾಸಕಾರ ಡೆರೆಕ್ ಗಾರ್ಡ್ನರ್ ಮೊದಲು ಫರ್ಗ್ಯೂಸನ್ ಸಂಸ್ಥೆಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದವನು. 1968ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋದ ಲೋಟಸ್ ಟರ್ಬೈನ್ ಕಾರುಗಳ ಕಾಲದಲ್ಲೇ ಆರು ಚಕ್ರದ ಯೋಚನೆ ಅವನ ತಲೆಯಲ್ಲಿತ್ತು.

ಲೆಕ್ಕ ಹೀಗಿದೆ. ಮುಂದಿನ ಚಕ್ರಗಳ ಎದುರಿಗಿರುವ ಮೂತಿಯ ಅಗಲ 1500 ಮಿಲಿಮೀಟರು ಮೀರಬಾರದು ಎಂದು ನಿಯಮ. ಸಾಮಾನ್ಯ ಕಾರಿನ ಮುಂದಿನ ಚಕ್ರಕ್ಕೆ 13 ಇಂಚಿನ ರಿಮ್ಮು. ಟೈರು ಸೇರಿ ಹೊರ ವ್ಯಾಸ ಸುಮಾರು 20 ಇಂಚು. ಇಷ್ಟು ಎತ್ತರದ ಟೈರು ತಗ್ಗಾದ ಮೂತಿಯ ಹಿಂದೆ ತಲೆ ಎತ್ತಿ ನಿಲ್ಲುತ್ತದೆ. ಉರುಳುವ ಬೆತ್ತಲೆ ಟೈರಿಗೆ ಎರಡು ಕೆಟ್ಟ ಗುಣ: ಗಾಳಿಗೆ ಅಡ್ಡ ನಿಂತು ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಜತೆಗೆ ಕಾರಿನ ಮುಂಭಾಗವನ್ನು ಮೇಲಕ್ಕೂ ಎತ್ತುತ್ತದೆ. ಎತ್ತುವುದನ್ನು ತಡೆಯಲು ಮೂತಿಯ ರೆಕ್ಕೆಯನ್ನು ಹೆಚ್ಚು ಓರೆ ಮಾಡಬೇಕು. ಓರೆ ಮಾಡಿದಷ್ಟೂ ಗಾಳಿಯ ಎಳೆತ ಹೆಚ್ಚುತ್ತದೆ.

ಗಾರ್ಡ್ನರ್ 10 ಇಂಚಿನ ರಿಮ್ಮು ಹಿಡಿದ. ಟೈರು ಸೇರಿ ಸುಮಾರು 16 ಇಂಚು, ಅಂದರೆ ಎತ್ತರದಲ್ಲಿ ಸುಮಾರು 10 ಸೆಂಟಿಮೀಟರು ಕಡಿತ. ಚಕ್ರ ಪೂರ್ತಿ ಮೂತಿಯ ನೆರಳಿಗೆ ಸರಿಯಿತು. ಆದರೆ ಇಷ್ಟು ಚಿಕ್ಕ ಟೈರು ಎರಡೇ ಇದ್ದರೆ ಮುಂಭಾಗಕ್ಕೆ ಹಿಡಿತ ಸಾಲದು, ಆದ್ದರಿಂದ ನಾಲ್ಕು. ಇಲ್ಲಿ ರಬ್ಬರಿನ ಒಂದು ಗುಣವೂ ನೆರವಿಗೆ ಬರುತ್ತದೆ. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಅದೇ ಭಾರವನ್ನು ಎರಡು ಟೈರಿಗೆ ಹಂಚಿದರೆ ಒಟ್ಟು ಹಿಡಿತ ಹೆಚ್ಚು. ನಾಲ್ಕು ಚಕ್ರವೆಂದರೆ ನಾಲ್ಕು ಬ್ರೇಕ್ ಡಿಸ್ಕು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಅದೂ ಲಾಭವೇ.

ಈ ಲೆಕ್ಕಕ್ಕೆ ಒಂದು ಮಿತಿ ಮೊದಲಿನಿಂದಲೂ ಇತ್ತು. ಹಿಂದಿನ ಟೈರುಗಳು ಮಾಮೂಲಿನಂತೆ ಸುಮಾರು 26 ಇಂಚು ಎತ್ತರದವು, ಬಹಳ ಅಗಲದವು. ಮುಂದೆ ತಪ್ಪಿಸಿಕೊಂಡ ಗಾಳಿ ಹಿಂದೆ ಹೋಗಿ ಬಡಿಯುವುದು ಅವಕ್ಕೇ. ಹಾಗಾಗಿ ಪಿ34ರ ನಿಜವಾದ ಲಾಭ ನೇರ ದಾರಿಯ ವೇಗಕ್ಕಿಂತ ತಿರುವಿಗೆ ನುಗ್ಗುವಾಗಿನ ಮೂತಿಯ ಹಿಡಿತದಲ್ಲಿತ್ತು. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಆದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಟ್ಟುವಾಗ ಎದುರಾದ ತೊಡಕುಗಳು

ಚಕ್ರ ಎಷ್ಟಿರಬೇಕೆಂದು ನಿಯಮ ಪುಸ್ತಕ ಹೇಳಿರಲಿಲ್ಲ. 1975ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹೀಥ್ರೋ ಬಳಿಯ ಹೋಟೆಲೊಂದರಲ್ಲಿ ಕಾರನ್ನು ಪತ್ರಕರ್ತರಿಗೆ ತೋರಿಸಿದರು. ಅದು ಪ್ರಯೋಗದ ಕಾರು: ಹಿಂದಿನ ಅರ್ಧ ಆಗ ಓಡುತ್ತಿದ್ದ ಟಿರೆಲ್ 007 ಕಾರಿನದು, ಮುಂದಿನ ಅರ್ಧ ಹೊಸದು. ಹೊಸ ಯೋಚನೆಯನ್ನು ಹೀಗೆ ಹಳೆಯ ಕಾರಿಗೆ ಕಸಿ ಮಾಡುವುದು ಒಳ್ಳೆಯ ಪದ್ಧತಿ. ಫಲಿತಾಂಶದಲ್ಲಿ ವ್ಯತ್ಯಾಸ ಕಂಡರೆ ಅದು ಯಾವ ತುದಿಯಿಂದ ಬಂತೆಂದು ಅನುಮಾನ ಉಳಿಯುವುದಿಲ್ಲ.

ಸ್ಟೀರಿಂಗ್ ರ್‍ಯಾಕು ಮೊದಲ ಜೋಡಿ ಚಕ್ರಗಳನ್ನು ತಿರುಗಿಸುತ್ತಿತ್ತು. ಎರಡನೆಯ ಜೋಡಿಯನ್ನು ಅದಕ್ಕೆ ಸನ್ನೆಕೋಲು ಮತ್ತು ಸರಳುಗಳಿಂದ ಜೋಡಿಸಿದ್ದರು. ಎರಡು ಜೋಡಿಯೂ ಒಂದೇ ಕೋನಕ್ಕೆ ತಿರುಗುವಂತಿಲ್ಲ. ತಿರುವಿನಲ್ಲಿ ಪ್ರತಿ ಚಕ್ರವೂ ಒಂದೇ ಕೇಂದ್ರವನ್ನು ಸುತ್ತಬೇಕು. ಹಿಂದಿನ ಆಕ್ಸಲ್‌ನಿಂದ ಹೆಚ್ಚು ದೂರ ಇರುವ ಮೊದಲ ಜೋಡಿಗೆ ಹೆಚ್ಚು ಕೋನ, ಎರಡನೆಯದಕ್ಕೆ ತುಸು ಕಡಿಮೆ. ಕೊಂಡಿಯ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಒಂದು ಜೋಡಿ ಇನ್ನೊಂದರ ವಿರುದ್ಧ ಎಳೆಯುತ್ತದೆ, ಟೈರು ವೃಥಾ ಬಿಸಿಯಾಗುತ್ತದೆ. ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿದ ಕೋನ), ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿದ ಕೋನ), ಸ್ಪ್ರಿಂಗು, ಡ್ಯಾಂಪರು ಎಲ್ಲ ಹೊಂದಿಕೆಯೂ ಮುಂಭಾಗದಲ್ಲಿ ಎರಡೆರಡು ಸಲ. ಮೂಲೆ ತೂಕ, ಅಂದರೆ ಪ್ರತಿ ಚಕ್ರದ ಮೇಲೆ ಬೀಳುವ ಭಾರ, ನೋಡಲು ನಾಲ್ಕು ತಕ್ಕಡಿ ಸಾಲದು, ಆರು ಬೇಕು. ಒಂದು ಮೂಲೆಯ ಎತ್ತರ ಮುಟ್ಟಿದರೆ ಉಳಿದ ಐದೂ ಬದಲಾಗುತ್ತವೆ.

ಚಾಲಕನಿಗೂ ತೊಂದರೆ. ತಗ್ಗಿನ ಚಕ್ರಗಳು ಕಾಕ್‌ಪಿಟ್ಟಿನ ಗೋಡೆಯ ಆಚೆ ಮರೆಯಾಗಿದ್ದವು. ತಿರುವಿನ ಒಳ ಅಂಚಿಗೆ ಚಕ್ರ ಎಷ್ಟು ಹತ್ತಿರ ಹೋಯಿತೆಂದು ಕಾಣಲೆಂದೇ ಕಾಕ್‌ಪಿಟ್ಟಿನ ಬದಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಕೊರೆದರು. ಪಿ34ರ ಫೋಟೊಗಳಲ್ಲಿ ಚಾಲಕನ ಕೈ ಕಾಣಿಸುವ ಆ ಕಿಟಕಿ ಇದೇ.

ಬ್ರೇಕಿನ ವಿಷಯದಲ್ಲಿ ಕಾಗದದ ಲಾಭ ರಸ್ತೆಯಲ್ಲಿ ಪೂರ್ತಿ ಸಿಗಲಿಲ್ಲ. ಮೂರು ಆಕ್ಸಲ್‌ಗಳ ನಡುವೆ ಬ್ರೇಕಿನ ಬಲ ಹಂಚಬೇಕು. ನೆಲ ಸಮತಟ್ಟಾಗಿದ್ದರೆ ಸರಿ. ಉಬ್ಬುತಗ್ಗು ಬಂದರೆ ಕಾಲು ಕುಂಟುವ ಮಂಚದಂತೆ ಯಾವುದೋ ಒಂದು ಚಕ್ರ ಹಗುರಾಗುತ್ತದೆ, ಹಗುರಾದದ್ದು ಥಟ್ಟನೆ ಲಾಕ್ ಆಗುತ್ತದೆ, ಅಂದರೆ ಉರುಳದೆ ಜಾರುತ್ತದೆ. ಒಂದೇ ಚಕ್ರ ಲಾಕ್ ಆದರೂ ಚಾಲಕ ಪೆಡಲ್ ಸಡಿಲಿಸಲೇಬೇಕು, ಆಗ ಮುಂದಿನ ಉಳಿದ ಮೂರು ಚಕ್ರಗಳ ಹಿಡಿತವೂ ವ್ಯರ್ಥ. ಚಿಕ್ಕ ರಿಮ್ಮಿನೊಳಗೆ ಡಿಸ್ಕೂ ಚಿಕ್ಕದು, ಗಾಳಿಗೂ ಜಾಗವಿಲ್ಲ, ಹಾಗಾಗಿ ಬಿಸಿ ಬೇಗ ಏರುತ್ತದೆ. ಗಾಳಿ ತುಂಬುವ ಕೊಳವೆಗಳನ್ನು ಹಂಗಾಮಿನ ಉದ್ದಕ್ಕೂ ತಿದ್ದುತ್ತಲೇ ಇರಬೇಕಾಯಿತು.

1976: ಲೆಕ್ಕ ಸರಿಬಂದ ವರ್ಷ

ಮೊದಲ ಓಟ ಮೇ 2ರಂದು ಸ್ಪೇನಿನ ಹರಾಮಾದಲ್ಲಿ. ಒಂದೇ ಕಾರು, ಪ್ಯಾಟ್ರಿಕ್ ಡೆಪಾಯೆಗೆ. ಮೂರನೆಯ ಸ್ಥಾನದಿಂದ ಹೊರಟ, ಬ್ರೇಕು ಕೈಕೊಟ್ಟು ಓಟ ಮುಗಿಸಲಿಲ್ಲ. ಬೆಲ್ಜಿಯಮ್ಮಿನ ಝೋಲ್ಡರ್‌ನಲ್ಲಿ ತಂಡದ ಇನ್ನೊಬ್ಬ ಚಾಲಕ ಜೋಡಿ ಶೆಕ್ಟರ್‌ಗೂ ಪಿ34 ಸಿಕ್ಕಿತು, ನಾಲ್ಕನೆಯವನಾದ. ಮೊನಾಕೋದಲ್ಲಿ ಶೆಕ್ಟರ್ ಎರಡನೆಯವ, ಡೆಪಾಯೆ ಮೂರನೆಯವ. ನಾಲ್ಕನೆಯ ಓಟ ಜೂನ್ 13ರಂದು ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ. ಶೆಕ್ಟರ್ ಪೋಲ್, ಅಂದರೆ ಹೊರಡುವ ಸಾಲಿನ ಮೊದಲ ಜಾಗ, ಹಿಡಿದ, 72 ಸುತ್ತಿನ ಓಟ ಗೆದ್ದ, ಡೆಪಾಯೆ ಹಿಂದೆಯೇ ಎರಡನೆಯವನಾಗಿ ಬಂದ. ಅಲ್ಲಿಯವರೆಗೆ ಮುಂದಿದ್ದ ಆಂಡ್ರೆಟ್ಟಿಯ ಲೋಟಸ್ಸಿನ ಎಂಜಿನ್ ಒಡೆದದ್ದು ನಿಜ. ಆದರೆ ಹೊರಡುವಾಗ ಅವಸರ ಮಾಡಿದ್ದಕ್ಕೆ ಅವನ ಮೇಲೆ ಒಂದು ನಿಮಿಷದ ದಂಡವೂ ಇತ್ತು.

ಆಂಡರ್‌ಸ್ಟಾರ್ಪ್‌ನಲ್ಲೇ ಏಕೆ? ಆ ಟ್ರ್ಯಾಕಿನಲ್ಲಿ ವಿಮಾನ ಓಡುದಾರಿಯೊಂದು ನೇರ ರಸ್ತೆಯಾಗಿದೆ. ಉಳಿದದ್ದೆಲ್ಲ ಒಂದೇ ಬಾಗಿನಲ್ಲಿ ಬಹಳ ಹೊತ್ತು ಸುತ್ತುವ ತಿರುವುಗಳು. ಇಂಥಲ್ಲಿ ಸಾಮಾನ್ಯ ಕಾರಿನ ಮೂತಿ ನಿಧಾನವಾಗಿ ಹೊರಕ್ಕೆ ಜಾರುತ್ತದೆ, ಚಾಲಕ ಆಕ್ಸಿಲರೇಟರ್ ಒತ್ತಲು ಕಾಯಬೇಕಾಗುತ್ತದೆ. ನಾಲ್ಕು ಮುಂದಿನ ಟೈರುಗಳ ಕಾರಿಗೆ ಆ ಕಾಯುವಿಕೆ ಕಡಿಮೆ. ಯಂತ್ರಕ್ಕೂ ಜಾಗಕ್ಕೂ ಇಷ್ಟು ಚೊಕ್ಕವಾಗಿ ತಾಳೆಯಾಗುವುದು ಅಪರೂಪ. ಅದೇ ಟ್ರ್ಯಾಕಿನಲ್ಲಿ ಮರುವರ್ಷ ಗೆದ್ದದ್ದು ಮಾತ್ರಾ ಎಂಬ ಕಂಪನಿಯ ವಿ12 ಎಂಜಿನ್ನಿನ ಲಿಜಿಯೆ ಕಾರು. 1978ರಲ್ಲಿ ಗೆದ್ದದ್ದು ಹಿಂಬದಿಗೆ ದೊಡ್ಡ ಫ್ಯಾನು ಕಟ್ಟಿಕೊಂಡು ನೆಲವನ್ನು ಹೀರುತ್ತಿದ್ದ ಬ್ರಾಭಮ್. ಸತತ ಮೂರು ವರ್ಷ, ಒಂದೇ ಟ್ರ್ಯಾಕು, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಯಂತ್ರ. ಹಂಬಲಿಸುವವರ ಹಂಬಲಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಪ್ರೇಕ್ಷಕನು ಬೇಲಿಯಾಚೆ ನಿಂತು ಬರಿಗಣ್ಣಿನಿಂದ ಒಬ್ಬ ವಿನ್ಯಾಸಕಾರನ ವಾದವನ್ನು ಓದಬಹುದಿತ್ತು. ಇಂದು ಆ ವಾದಗಳೆಲ್ಲ ಕಾರಿನ ತಳದ ಅಂಚಿನಲ್ಲಿ, ಮಿಲಿಮೀಟರುಗಳಲ್ಲಿ ನಡೆಯುತ್ತವೆ; ಅವೂ ಜಾಣತನದವೇ, ಆದರೆ ಕಾಣುವುದಿಲ್ಲ. ಈ ನಷ್ಟ ದೊಡ್ಡದು.

ವರ್ಷದ ಕೊನೆಗೆ ಶೆಕ್ಟರ್ 49 ಅಂಕದೊಂದಿಗೆ ಮೂರನೆಯವ, ಡೆಪಾಯೆ 39ರೊಂದಿಗೆ ನಾಲ್ಕನೆಯವ. ತಯಾರಕರ ಪಟ್ಟಿಯಲ್ಲಿ ಟಿರೆಲ್ ಮೂರನೆಯದು. ಇದು ವಿಫಲ ಕಾರಿನ ಲೆಕ್ಕವಲ್ಲ.

1977: ಒಂದೊಂದು ಮದ್ದೂ ಮೂಲ ಲಾಭವನ್ನೇ ತಿಂದದ್ದು

ಶೆಕ್ಟರ್ ವುಲ್ಫ್ ತಂಡಕ್ಕೆ ಹೋದ, ಅವನ ಜಾಗಕ್ಕೆ ರಾನಿ ಪೀಟರ್ಸನ್ ಬಂದ. ಕಾರಿಗೆ ಹೊಸ ಮೈ ಬಂತು. ಇಡೀ ವರ್ಷ ಒಂದೂ ಗೆಲುವಿಲ್ಲ. ಅತ್ಯುತ್ತಮ ಫಲಿತಾಂಶವೆಂದರೆ ಕೆನಡಾದ ಮಾಸ್ಪೋರ್ಟ್‌ನಲ್ಲಿ ಡೆಪಾಯೆಗೆ ಎರಡನೆಯ ಸ್ಥಾನ.

ಕಾರಣ ಟೈರಿನಲ್ಲಿತ್ತು. ರೇಸಿನ ಟೈರು ಒಮ್ಮೆ ಮಾಡಿಟ್ಟು ಮರೆಯುವ ಸಾಮಾನಲ್ಲ. ರಬ್ಬರಿನ ಮಿಶ್ರಣ, ಒಳಗಿನ ನೂಲಿನ ಕಟ್ಟು, ಪಕ್ಕದ ಗೋಡೆಯ ಬಿಗಿ ಹಂಗಾಮಿನುದ್ದಕ್ಕೂ ಬದಲಾಗುತ್ತಲೇ ಇರುತ್ತವೆ. 13 ಇಂಚಿನ ಟೈರಿಗೆ ಇಡೀ ಗ್ರಿಡ್ಡೇ ಗಿರಾಕಿ. ಒಂದು ತಂಡ ಪರೀಕ್ಷೆಯಲ್ಲಿ ಕಲಿತದ್ದು ಎಲ್ಲರ ಟೈರಿಗೂ ಬರುತ್ತದೆ, ಖರ್ಚೂ ಹಂಚಿಹೋಗುತ್ತದೆ. 10 ಇಂಚಿನ ಟೈರಿಗೆ ಗಿರಾಕಿ ಒಂದೇ ತಂಡ. ಅದಕ್ಕೂ ಅಚ್ಚು ಬೇರೆ, ಒಣ ರಸ್ತೆಯದು ಬೇರೆ, ಮಳೆಯದು ಬೇರೆ. 1977ರ ಜುಲೈನಲ್ಲಿ ರೆನೊ ಕಾರಿನೊಂದಿಗೆ ಮಿಶೆಲಿನ್ ಕಂಪನಿ ಸ್ಪರ್ಧೆಗಿಳಿದ ಮೇಲಂತೂ ಗುಡ್‌ಇಯರ್‌ಗೆ ಒಂಟಿ ಗಿರಾಕಿಯ ಚಿಕ್ಕ ಟೈರಿಗಿಂತ ಮುಖ್ಯವಾದ ಕೆಲಸ ಕೈತುಂಬ ಇತ್ತು. ಇದರಲ್ಲಿ ಯಾರ ದ್ವೇಷವೂ ಇಲ್ಲ, ವ್ಯಾಪಾರದ ಲೆಕ್ಕವಷ್ಟೇ.

ಚಿಕ್ಕ ಟೈರಿಗೆ ಅಭಿವೃದ್ಧಿ ಇನ್ನೂ ಹೆಚ್ಚು ಬೇಕಿತ್ತು ಎಂಬುದು ದುರದೃಷ್ಟ. ಗಂಟೆಗೆ 270 ಕಿಲೋಮೀಟರು ವೇಗದಲ್ಲಿ 20 ಇಂಚು ವ್ಯಾಸದ ಟೈರು ನಿಮಿಷಕ್ಕೆ ಸುಮಾರು 2800 ಸುತ್ತು ಸುತ್ತಿದರೆ, 16 ಇಂಚಿನದು 3500 ಸುತ್ತಬೇಕು. ರಬ್ಬರಿನ ಪ್ರತಿ ತುಣುಕೂ ಕಾಲು ಪಾಲು ಹೆಚ್ಚು ಸಲ ನೆಲ ಮುಟ್ಟಿ ಮಡಿಚಿಕೊಳ್ಳುತ್ತದೆ, ಬೇರಿಂಗೂ ಅಷ್ಟೇ ವೇಗದಲ್ಲಿ ತಿರುಗುತ್ತದೆ.

ಹಿಂದಿನ ಟೈರು ಎಲ್ಲರಂಥದ್ದೇ ಆದ್ದರಿಂದ ಅದು ತಿಂಗಳಿಂದ ತಿಂಗಳಿಗೆ ಸುಧಾರಿಸಿತು. ಮುಂದಿನದು ನಿಂತಲ್ಲೇ ನಿಂತಿತು. ಫಲ, ಹಿಂದೆ ಹಿಡಿತ ಹೆಚ್ಚು, ಮುಂದೆ ಕಡಿಮೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೇ ಓಡುವುದು; ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಅಂಡರ್‌ಸ್ಟಿಯರ್ ಕಡಿಮೆ ಮಾಡಲೆಂದೇ ಹುಟ್ಟಿದ ಕಾರಿಗೆ ಅಂಡರ್‌ಸ್ಟಿಯರ್ ರೋಗವೇ ಅಂಟಿತು.

ಮದ್ದುಗಳನ್ನು ನೋಡಿ. ಹಿಂದಿನ ಹಿಡಿತವನ್ನು ಇಳಿಸಿ ಸಮ ಮಾಡಬಹುದು, ಆದರೆ ಇಡೀ ಕಾರೇ ನಿಧಾನ. ಮೂತಿಯ ರೆಕ್ಕೆ ಓರೆ ಮಾಡಬಹುದು, ಎಳೆತ ಹೆಚ್ಚುತ್ತದೆ. ಮುಂದಿನ ಎಡಬಲ ಚಕ್ರಗಳ ನಡುವಿನ ಅಂತರ ಹಿಗ್ಗಿಸಿದರೆ ತಿರುವಿನಲ್ಲಿ ಒಳ ಟೈರಿನಿಂದ ಹೊರ ಟೈರಿಗೆ ಸರಿಯುವ ಭಾರ ತಗ್ಗುತ್ತದೆ, ಒಟ್ಟು ಹಿಡಿತ ಏರುತ್ತದೆ. ಟಿರೆಲ್ ಅದನ್ನೇ ಮಾಡಿತು. ಹಾಗೆ ಹಿಗ್ಗಿಸಿದ ಚಕ್ರಗಳು ಮೂತಿಯ ನೆರಳಿನಿಂದ ಹೊರಬಂದು ಗಾಳಿಗೆ ಎದೆಯೊಡ್ಡಿ ನಿಂತವು. ಚಿಕ್ಕ ಚಕ್ರ ಹಾಕಿದ್ದೇ ಗಾಳಿಯಿಂದ ಬಚ್ಚಿಡಲು. ಅದನ್ನೇ ಹೊರಗಿಟ್ಟ ಮೇಲೆ ಉಳಿದದ್ದು ನಾಲ್ಕು ಚಕ್ರ, ನಾಲ್ಕು ಡಿಸ್ಕು, ನಾಲ್ಕು ಕಡೆಯ ಸಸ್ಪೆನ್ಷನ್ನಿನ ತೂಕ ಮಾತ್ರ. ಅಂದಿನ ಕನಿಷ್ಠ ತೂಕ 575 ಕಿಲೋ. ಹೊಸ ಪಿ34 ಅದಕ್ಕಿಂತ ಬಹಳ ಮೇಲಿತ್ತು, ಹಿಂದಿನ ವರ್ಷದ ತನಗಿಂತಲೂ ಭಾರವಾಗಿತ್ತು.

ಅದೇ ವರ್ಷ ಲೋಟಸ್ 78 ಬಂತು. ಅದು ಕಾರಿನ ಎರಡೂ ಪಕ್ಕದ ಡಬ್ಬಿಗಳ ತಳವನ್ನು ತಲೆಕೆಳಗಾದ ರೆಕ್ಕೆಯ ಆಕಾರಕ್ಕೆ ತಂದು, ಅಂಚಿಗೆ ಪಟ್ಟಿ ಇಳಿಬಿಟ್ಟು, ಕಾರನ್ನು ನೆಲಕ್ಕೆ ಹೀರಿಸಿತು. ಮೂತಿಯ ಬಳಿ ಉಳಿಸಿದ ಹತ್ತು ಸೆಂಟಿಮೀಟರು ಈ ಲಾಭದ ಮುಂದೆ ಲೆಕ್ಕಕ್ಕಿರಲಿಲ್ಲ. ಟೈರು ಸರಿಯಿದ್ದಿದ್ದರೂ 1978ರ ವೇಳೆಗೆ ಪಿ34 ಹಳೆಯದಾಗುತ್ತಿತ್ತೆಂದೇ ನಮ್ಮ ಅಭಿಪ್ರಾಯ. ಆದರೆ 1977ರ ಸೋಲು ಟೈರಿನದು. ಗಾರ್ಡ್ನರ್ ತಂಡ ಬಿಟ್ಟ. ಮಾರಿಸ್ ಫಿಲಿಪ್ ಬಂದು ನಾಲ್ಕು ಚಕ್ರದ 008 ಬರೆದ. 1978ರ ಮೊನಾಕೋ ಓಟವನ್ನು ಡೆಪಾಯೆ ಅದರಲ್ಲಿ ಗೆದ್ದ.

ಪಾಠ ಕಲಿತ ಉಳಿದ ಆರು ಚಕ್ರದ ಕಾರುಗಳು

ಮಾರ್ಚ್ ಕಂಪನಿಯ ರಾಬಿನ್ ಹರ್ಡ್ 1976ರ ಕೊನೆಯಲ್ಲೇ ತಿರುವುಮುರುವು ಲೆಕ್ಕ ಹಾಕಿದ. ಎಳೆತದ ದೊಡ್ಡ ಪಾಲು ಹಿಂದಿನ ದೊಡ್ಡ ಟೈರುಗಳದು. ಅವನ್ನು ಕಿತ್ತು, ಮುಂದಿನ ಅಳತೆಯ ನಾಲ್ಕು ಟೈರುಗಳನ್ನು ಹಿಂದೆ ಎರಡು ಆಕ್ಸಲ್‌ಗೆ ಹಾಕಿ, ನಾಲ್ಕಕ್ಕೂ ಶಕ್ತಿ ಕೊಟ್ಟರೆ? ಇದರ ಸೊಗಸು ಟೈರಿನಲ್ಲಿದೆ: ಹೊಸದಾಗಿ ಏನನ್ನೂ ಕೇಳಬೇಕಿಲ್ಲ, ಎಲ್ಲರ ಮುಂದಿನ ಟೈರೇ ಸಾಕು. 2-4-0 ಎಂದು ಹೆಸರಿಟ್ಟ ಆ ಕಾರು ಮುಗ್ಗರಿಸಿದ್ದು ದುಡ್ಡಿನ ಕೊರತೆಯಿಂದ. ಎರಡು ಆಕ್ಸಲ್‌ಗೆ ಶಕ್ತಿ ಸಾಗಿಸುವ ಉದ್ದನೆಯ ಗೇರ್‌ಬಾಕ್ಸ್ ಕವಚ ಸಾಕಷ್ಟು ಗಡುಸಾಗಿರಲಿಲ್ಲ. ಭಾರ ಬಿದ್ದಾಗ ಬಾಗಿ ಹಲ್ಲುಗಳ ಕೂಡಿಕೆ ತಪ್ಪುತ್ತಿತ್ತು. ಗ್ರಾಂಪ್ರಿಗೆ ಅದು ಬರಲೇ ಇಲ್ಲ.

ವಿಲಿಯಮ್ಸ್ ತಂಡ 1981–82ರಲ್ಲಿ ಅದೇ ದಾರಿ ಹಿಡಿದು, ಸರಿಯಾದ ಎಂಜಿನಿಯರಿಂಗಿನೊಂದಿಗೆ ಎಫ್‌ಡಬ್ಲ್ಯು08ಬಿ ಕಟ್ಟಿತು. ಹಿಂದಿನ ಟೈರು ಸಣ್ಣದಾದದ್ದರಿಂದ ಕಾರನ್ನು ನೆಲಕ್ಕೆ ಹೀರಿಸುವ ತಳದ ಸುರಂಗಗಳನ್ನು ಹಿಂದಕ್ಕೆ ಇನ್ನಷ್ಟು ಉದ್ದ ಎಳೆಯಲು ಜಾಗ ಸಿಕ್ಕಿತು. ಪರೀಕ್ಷೆಯಲ್ಲಿ ಓಡಿತು, ರೇಸಿಗೆ ಇಳಿಯುವ ಮುನ್ನ 1983ರ ನಿಯಮಗಳು ಬಂದವು: ನಾಲ್ಕೇ ಚಕ್ರ, ಎರಡಕ್ಕೇ ಶಕ್ತಿ, ತಳ ಚಪ್ಪಟೆ. ನಿಷೇಧದ ಪೆಟ್ಟು ನಿಜವಾಗಿ ಬಿದ್ದದ್ದು ಈ ಕಾರಿಗೆ. ನಿಯಮದ ಮೇಲೆ ಸಿಟ್ಟಾಗುವವರು ಟಿರೆಲ್‌ಗಾಗಿ ಅಲ್ಲ, ವಿಲಿಯಮ್ಸ್‌ಗಾಗಿ ಸಿಟ್ಟಾಗಬೇಕು.

ಇವತ್ತಿನ ನಿಯಮ ಪುಸ್ತಕ ತೆರೆದು ವೈವಿಧ್ಯ ತರಬೇಕೆನ್ನುವವರು ಇಲ್ಲಿಂದ ಶುರು ಮಾಡಲಿ. 2011ರಿಂದ ಫಾರ್ಮುಲಾ ಒನ್‌ಗೆ ಪಿರೆಲ್ಲಿ ಒಂದೇ ಟೈರು ಪೂರೈಕೆದಾರ. ಎಲ್ಲರಿಗೂ ಒಂದೇ ಅಳತೆ. ಚಕ್ರದ ಸಂಖ್ಯೆಯ ನಿಯಮವನ್ನು ನಾಳೆಯೇ ಅಳಿಸಿದರೂ ಪಿ34ರಂಥ ಕಾರು ಹುಟ್ಟದು, ಅದಕ್ಕೆ ಬೇಕಾದ ಟೈರು ಯಾರೂ ಮಾಡುವುದಿಲ್ಲ. ವಿಲಿಯಮ್ಸ್ ಮಾದರಿಯದಕ್ಕೆ ಮಾತ್ರ ಟೈರಿನ ಅಡ್ಡಿಯಿಲ್ಲ. ಯಾವ ಭಾಗವನ್ನು ಎಲ್ಲರೂ ಹಂಚಿಕೊಳ್ಳಬೇಕು, ಯಾವುದನ್ನು ಬಿಡಿಯಾಗಿ ಬಿಡಬೇಕು ಎಂದು ಮೊದಲು ತೀರ್ಮಾನಿಸದೆ ಬರೆದ ಸ್ವಾತಂತ್ರ್ಯ ಕಾಗದದ ಮೇಲೆಯೇ ಉಳಿಯುತ್ತದೆ.

ಇಪ್ಪತ್ತು ವರ್ಷದ ಮೇಲಿನ ಮರುಪರೀಕ್ಷೆ

ಟೈರೇ ಕಾರಣ ಎಂಬುದಕ್ಕೆ ಬೇರೆ ಕಡೆಯಿಂದ ಪುರಾವೆಯೂ ಸಿಕ್ಕಿತು. 1990ರ ದಶಕದ ಕೊನೆಯಲ್ಲಿ, ಹಳೆಯ ಗ್ರಾಂಪ್ರಿ ಕಾರುಗಳ ಓಟಕ್ಕೆ ಟೈರು ಮಾಡುತ್ತಿದ್ದ ಏವನ್ ಕಂಪನಿ, ದುರಸ್ತಿಗೊಂಡ ಪಿ34 ಒಂದಕ್ಕೆಂದೇ 10 ಇಂಚಿನ ಟೈರು ಎರೆದುಕೊಟ್ಟಿತು. ಈಗ ಮುಂದಿನ ಟೈರೂ ಹಿಂದಿನ ಟೈರೂ ಒಂದೇ ಕಾಲದವು, ಒಂದೇ ಕಾರ್ಖಾನೆಯವು. ಮಾರ್ಟಿನ್ ಸ್ಟ್ರೆಟನ್ ಆ ಕಾರನ್ನು ಓಡಿಸಿ 2000ದಲ್ಲಿ ಎಫ್‌ಐಎ ಥರೋಬ್ರೆಡ್ ಗ್ರಾಂಪ್ರಿ ಸರಣಿಯ ಚಾಂಪಿಯನ್ ಆದ. ಹಳೆಯ ಕಾರುಗಳ ಓಟದಲ್ಲಿ ಚಾಲಕರ ಮಟ್ಟ, ಕಾರಿನ ಸ್ಥಿತಿ ಎಲ್ಲವೂ ಬೇರೆ ಬೇರೆ ಇರುತ್ತದೆ. ಆದ್ದರಿಂದ 1977ರಲ್ಲೂ ಹೀಗೇ ಗೆಲ್ಲುತ್ತಿತ್ತು ಎಂದು ಇದರಿಂದ ಹೇಳಲಾಗದು. ನಾಲ್ಕು ಚಿಕ್ಕ ಚಕ್ರದ ಮುಂಭಾಗಕ್ಕೆ ಹುಟ್ಟಿನಿಂದಲೇ ದೋಷವಿತ್ತು ಎಂಬ ಮಾತಂತೂ ಈ ಗೆಲುವಿನ ಮುಂದೆ ನಿಲ್ಲುವುದಿಲ್ಲ.